ಜೋಡಿಗೊಂದು ಬಾಟಲಿ

ಹೋದ ತಿಂಗಳು ಮಾಲೂರಿನ ಹತ್ತಿರದ ಹಳ್ಳಿಯಲ್ಲಿ ಒಂದು ನಾಮಕರಣ ಮುಗಿಸಿಕೊಂಡು ಕೋಲಾರಕ್ಕೆ ಹಿಂತಿರುಗುತ್ತಿದ್ದೆ. ರೈಲ್ವೆ ಗೇಟು ಹಾಕಿದ್ದರಿಂದ ಬಸ್ಸು ನಿಂತಿತು. ಕಿಟಕಿಯಿಂದ ಹೊಗೆಯ ವಾಸನೆ ಒಳಗೆ ಬಂತು. ಹಸಿ ನೀಲಗಿರಿ ಕಟ್ಟಿಗೆ ಉರಿಯುವಾಗ ಬರುವ, ಮೊದಲು ಮೂಗಿಗೆ ಹಿತವಾಗಿ ಆಮೇಲೆ ಗಂಟಲನ್ನು ಹಿಡಿಯುವ ವಾಸನೆ. ಅದರ ಜೊತೆಗೆ ಬೇಯುತ್ತಿರುವ ಮಣ್ಣಿನ ಕಾವು. "ಇಟ್ಟಿಗೆ ಗೂಡಿಗೆ ಬೆಂಕಿ ಇಟ್ಟವ್ರೆ" ಎಂದು ಪಕ್ಕದಲ್ಲಿದ್ದ ಹೆಂಗಸು ಗಾಜು ಎಳೆದುಕೊಂಡರು. ಗೇಟು ತೆರೆದು ಬಸ್ಸು ಹೊರಟಿತು. ನಾನು ಮಾತ್ರ ಕೋಲಾರ ಬರುವವರೆಗೂ ಕೂತಲ್ಲಿ ಕೂರಲಾಗದೆ, ಚೀಲವನ್ನು ತೊಡೆಯಿಂದ ಕಾಲ ಬಳಿಗೆ, ಕಾಲ ಬಳಿಯಿಂದ ತೊಡೆಗೆ ಎತ್ತಿಡುತ್ತಾ ಬಂದೆ.

ಆ ವಾಸನೆ ನನಗೆ ಒಂದೇ ವರ್ಷದ್ದು. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಗೆ ಮಾತ್ರೆಯನ್ನು ಉಚಿತವಾಗಿ ಕೊಡಲು ಶುರುಮಾಡಿ ಹೆಚ್ಚು ಕಾಲವಾಗಿರಲಿಲ್ಲ. ನಾನು ಕೋಲಾರದ ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕಿ. ಹೆಸರು ಭಾರಿಯಾಗಿತ್ತು, ಕೆಲಸ ಎಂದರೆ ಒಂದು ಮೇಜು, ಎದುರಿಗೆ ಎರಡು ಕುರ್ಚಿ, ಅಲ್ಲಿ ಕೂತವರಿಗೆ ಮಾತ್ರೆಯ ವಿಷಯವನ್ನು ಹೆದರಿಸದೆ, ಸುಳ್ಳೂ ಹೇಳದೆ ತಿಳಿಸುವುದು. ಒಮ್ಮೆ ಶುರುಮಾಡಿದರೆ ಬದುಕಿರುವವರೆಗೂ ತಿನ್ನಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು. ಅರ್ಧಂಬರ್ಧ ತಿಂದರೆ ತಿನ್ನದೇ ಇರುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ವೈರಸ್ಸು ಸಾಯದೆ ಮಾತ್ರೆಯ ರುಚಿ ಕಲಿತುಬಿಡುತ್ತದೆ. ಆಮೇಲೆ ಎಷ್ಟು ತಿಂದರೂ ನಾಟುವುದಿಲ್ಲ. ಇಷ್ಟನ್ನು ಹೇಳಿ, ಅವರಿಂದಲೇ ತಿರುಗಿ ಹೇಳಿಸಿ, ಸರಿಯಾಗಿ ಹೇಳಿದ ಮೇಲೆ ಡಾಕ್ಟರ ಕೋಣೆಗೆ ಕಳಿಸುತ್ತಿದ್ದೆ.

ಎಲ್ಲರಿಗೂ ಮಾತ್ರೆ ಕೊಡುತ್ತಿರಲಿಲ್ಲ. ರಕ್ತದಲ್ಲಿ ಮೈಯನ್ನು ಕಾಯುವ ಕಣಗಳ ಎಣಿಕೆ ಒಂದು ಗೆರೆಗಿಂತ ಕೆಳಗೆ ಇಳಿದಿರಬೇಕು. ಗೆರೆಗಿಂತ ಮೇಲಿದ್ದವರಿಗೆ ಆರು ತಿಂಗಳು ಬಿಟ್ಟು ಬನ್ನಿ ಎನ್ನುತ್ತಿದ್ದೆವು. ಎಣಿಸುವ ಯಂತ್ರ ಕೋಲಾರದಲ್ಲಿರಲಿಲ್ಲ. ಬುಧವಾರ ಮಾತ್ರ ರಕ್ತ ತೆಗೆದು, ಅಂದೇ ಗಾಡಿಯಲ್ಲಿ ಬೆಂಗಳೂರಿಗೆ ಕಳಿಸುತ್ತಿದ್ದರು. ಇದಲ್ಲದೆ ಮನೆಯವರೊಬ್ಬರು ಜೊತೆಗೆ ಬಂದು, ಇವರು ಮಾತ್ರೆ ತಿನ್ನುವುದನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಒಪ್ಪಬೇಕು. ತಪ್ಪಿಸಿಕೊಂಡರೆ ಹುಡುಕಿಕೊಂಡು ಹೋಗಲು ವಿಳಾಸ ಬೇಕು. ನಿಯಮಗಳು ಕೆಟ್ಟವಾಗಿರಲಿಲ್ಲ. ಊರು, ಮನೆ, ಮನೆಯಲ್ಲಿ ಜನ ಇದ್ದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದವು, ಅಷ್ಟೆ.

ದೀಪಾವಳಿ ಕಳೆದು ತಿಂಗಳು ದಾಟಿ, ಚಳಿ ಏರಿದ ವಾರದಲ್ಲಿ ಇಬ್ಬರು ಗಂಡಸರು ಮಾತ್ರೆ ಶುರುಮಾಡಿದರು. ಇಬ್ಬರದೂ ಎಣಿಕೆ ಹೆಚ್ಚುಕಡಿಮೆ ಒಂದೇ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು.

ಒಬ್ಬರು ಮುಳಬಾಗಿಲಿನ ರಾಯರು. ಮಂಡಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು, ನಲವತ್ತು ದಾಟಿದವರು. ನಮ್ಮ ತಾಯಿಯ ಮನೆಯೂ ಮುಳಬಾಗಿಲೇ ಆದ್ದರಿಂದ ನನ್ನ ಮುಖ ಕಂಡ ಕೂಡಲೇ ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡರು. ಅವರ ಅಣ್ಣ ಜೊತೆಗಿದ್ದರು. "ಮೇಡಂ, ಇವನು ಮಾತ್ರೆ ನುಂಗೋದನ್ನ ನಾನೇ ನಿಂತು ನೋಡ್ತೀನಿ. ನೀವು ಯೋಚನೆ ಬಿಡಿ. ಊರಲ್ಲಿ ಮಾತ್ರ…" ಎಂದು ಅರ್ಧಕ್ಕೆ ನಿಲ್ಲಿಸಿದರು. ನನ್ನ ಬಾಯಿಂದ ಊರಿಗೆ ಏನೂ ಹೋಗುವುದಿಲ್ಲ ಎಂದು ಹೇಳಿದ ಮೇಲೆ ಮಫ್ಲರು ಸ್ವಲ್ಪ ಕೆಳಗಿಳಿಯಿತು.

ಇನ್ನೊಬ್ಬ ಹುಸೇನಪ್ಪ. ರಾಯಚೂರಿನ ಕಡೆಯವನು, ಮೂವತ್ತರ ಒಳಗಿನವನು. ಮಾಲೂರಿನ ಗೂಡೊಂದರಲ್ಲಿ ಇಟ್ಟಿಗೆ ಹಾಕಲು ಹೆಂಡತಿ ದುರುಗಮ್ಮನ ಜೊತೆ ಬಂದಿದ್ದ. ಕೆಮ್ಮು ಬಿಡಲಿಲ್ಲವೆಂದು ಪರೀಕ್ಷೆ ಮಾಡಿದಾಗ ಕ್ಷಯವೂ ಸಿಕ್ಕಿತ್ತು, ಇದೂ ಸಿಕ್ಕಿತ್ತು. ಕ್ಷಯಕ್ಕೆ ಮೊದಲು ಔಷಧಿ ಕೊಟ್ಟು, ಆಮೇಲೆ ನಮ್ಮಲ್ಲಿಗೆ ಕಳಿಸಿದ್ದರು. ದುರುಗಮ್ಮನಿಗೂ ಸೋಂಕಿತ್ತು, ಆದರೆ ಅವಳ ಎಣಿಕೆ ಗೆರೆಗಿಂತ ಮೇಲಿತ್ತು. ಗಂಡನಿಗೆ ಬಾಟಲಿ ಕೊಟ್ಟು, "ನಿನಗೆ ಈಗಲೇ ಬೇಕಾಗಿಲ್ಲಮ್ಮ, ಆರು ತಿಂಗಳು ಬಿಟ್ಟು ಇನ್ನೊಂದು ಸಲ ರಕ್ತ ನೋಡೋಣ" ಎಂದೆ. ಅವಳು ನನ್ನನ್ನು ನೋಡಲಿಲ್ಲ, ಬಾಟಲಿಯನ್ನು ನೋಡುತ್ತಿದ್ದಳು.

ಹೊರಗೆ ಬೆಂಚಿನ ಮೇಲೆ ರಾಯರ ಕೈಗಡಿಯಾರ ಕೀ ಕೀ ಎಂದಿತು. ಮಾತ್ರೆಯ ಹೊತ್ತು ಮರೆಯಬಾರದೆಂದು ಹೊಸದಾಗಿ ಕೊಂಡದ್ದು. ಹುಸೇನಪ್ಪ ಬಗ್ಗಿ ನೋಡಿದ.

"ಸ್ವಾಮ್ಯಾರ, ನಿಮ್ಮ ಕೈಯಾಗಿನ ಕೋಳಿ ಕೂಗಿತು ನೋಡ್ರಿ."

ರಾಯರಿಗೆ ನಗು ಬಂತು. "ಕೋಳಿ ಅಲ್ಲಪ್ಪ, ಅಲಾರಂ. ನಿನ್ನ ಹತ್ರ ಗಡಿಯಾರ ಇಲ್ವಲ್ಲ, ಹೊತ್ತು ಹೆಂಗೆ ಗೊತ್ತಾಗತ್ತೆ?"

"ನಮಗ ರೈಲು ಅದ್ರಿ. ಮುಂಜಾನಿ ಒಂದು ಬೆಂಗಳೂರಿಗ ಹೋಗ್ತದ, ಸಂಜಿಗ ಒಂದು ಮದ್ರಾಸಿಗ ಹೋಗ್ತದ. ಸರಕಾರದ ಗಡಿಯಾರ. ಕೀಲಿ ಕೊಡೋದಿಲ್ಲ, ಏನಿಲ್ಲ."

"ರೈಲು ಲೇಟಾದ್ರೆ?"

"ಲೇಟಾದ್ರ ಗುಳಿಗೀನೂ ಲೇಟು. ಸರಕಾರದ ಗುಳಿಗಿ ಅಲ್ಲೇನ್ರಿ ಅದು?"

ರಾಯರ ಅಣ್ಣನೂ ನಕ್ಕುಬಿಟ್ಟರು. ಆ ಬೆಂಚಿನಲ್ಲಿ ನಗುವುದು ಅಪರೂಪ.

ಚಳಿಗಾಲ ಮುಂದುವರಿಯಿತು. ತಿಂಗಳಿಗೊಮ್ಮೆ, ಬಾಟಲಿಯಲ್ಲಿ ನಾಲ್ಕೈದು ದಿನದ ಮಾತ್ರೆ ಇರುವಾಗಲೇ ಬರಬೇಕು, ಹಳೆಯ ಬಾಟಲಿ ತಂದು ತೋರಿಸಬೇಕು, ಹೊಸದು ಒಯ್ಯಬೇಕು. ರಾಯರು ಬಂದಾಗಲೆಲ್ಲ ಮೈಗೆ ಒಂದಿಷ್ಟು ತೂಕ ಸೇರಿರುತ್ತಿತ್ತು. ಕೆನ್ನೆಯ ಗುಳಿ ತುಂಬಿತು. ಮೂರನೆಯ ಸಲಕ್ಕೆ ಮಫ್ಲರು ಬಿಟ್ಟೇ ಬಂದರು. ಹುಸೇನಪ್ಪನ ಬಾಟಲಿಯಲ್ಲೂ ಪ್ರತಿ ತಿಂಗಳು ಲೆಕ್ಕಕ್ಕೆ ಸರಿಯಾಗಿ ಉಳಿದಿರುತ್ತಿತ್ತು, ಒಂದು ಮಾತ್ರೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಆದರೆ ಅವನು ಮಾತ್ರ ಇಳಿಯುತ್ತಲೇ ಹೋದ. ಬಾಯಲ್ಲಿ ಬಿಳಿ ಹುಣ್ಣು. ಮಾತಿನ ಮಧ್ಯೆ ಉಸಿರು ಎಳೆದುಕೊಳ್ಳುವುದು. ಮೊದಲು ಇಬ್ಬರೂ ಬರುತ್ತಿದ್ದವರು ಆಮೇಲೆ ಅವನೊಬ್ಬನೇ ಬರತೊಡಗಿದ.

"ಕುಡೀತಾನೇನೋ ಕೇಳಿ" ಎಂದರು ಡಾಕ್ಟರು. ಕೇಳಿದೆ. ಇಲ್ಲ ಎಂದ. ಮಾತ್ರೆ ಎಣಿಸಿಕೊಡುವ ನಮ್ಮ ಸಹೋದ್ಯೋಗಿ, "ಈ ಗೂಡಿನವರೆಲ್ಲ ಹಿಂಗೇ ಮೇಡಂ. ಮಾತ್ರೆ ಚರಂಡಿಗೆ ಸುರಿದು, ಲೆಕ್ಕ ಸರಿಮಾಡಿ ಬಾಟಲಿ ತರ್ತಾರೆ" ಎಂದರು. ಆ ಮಾತು ಕೋಣೆಯಲ್ಲಿ ಹಾಗೇ ಉಳಿಯಿತು. ಅದಕ್ಕೂ ಒಂದು ಕಾರಣವಿತ್ತು: ಆ ವರ್ಷ ಮಾಲೂರಿನ ಗೂಡುಗಳಿಂದ, ರಾಯಲ್ಪಾಡಿನ ಆಚೆಯ ಆಂಧ್ರದ ಗಡಿಯಿಂದ, ನಂಗಲಿಯ ಹೆದ್ದಾರಿಯಲ್ಲಿ ಲಾರಿ ನಿಲ್ಲಿಸುವವರಿಂದ ಬಂದು ಮಾತ್ರೆ ಶುರುಮಾಡಿದವರಲ್ಲಿ ಬಹಳ ಜನ ಒಂದೆರಡು ತಿಂಗಳಲ್ಲಿ ಕಾಣೆಯಾಗುತ್ತಿದ್ದರು. ಕೋಲಾರ, ಮುಳಬಾಗಿಲಿನ ಮನೆಗಳಿಂದ ಬಂದವರು ಉಳಿಯುತ್ತಿದ್ದರು. ಅದೇ ಮಾತ್ರೆ, ಅದೇ ಡಾಕ್ಟರು, ಅದೇ ನಾನು. ಇದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು; ಅವರ ಸ್ವಭಾವವೇ ಹಾಗೆ ಎಂದುಕೊಂಡು ಎಲ್ಲರೂ ಮುಂದಿನ ಕೆಲಸ ನೋಡುತ್ತಿದ್ದರು. ನನಗೆ ಮುಂದಿನ ಕೆಲಸ ನೋಡಲಾಗಲಿಲ್ಲ, ಹುಸೇನಪ್ಪ ಮಾತ್ರೆ ಚೆಲ್ಲುವವನಂತೆ ಕಾಣುತ್ತಿರಲಿಲ್ಲ. ಬಾಟಲಿಯನ್ನು ಅವನು ಒರೆಸಿ, ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ.

ಮಾಘದ ಬಿಸಿಲು ಏರುತ್ತಿದ್ದಾಗ ಅವನು ಬರಬೇಕಾದ ದಿನ ಬರಲಿಲ್ಲ.

ಬಾರದವರನ್ನು ಹುಡುಕಿ ಹೋಗುವುದು ರೆಡ್ಡೆಮ್ಮನ ಕೆಲಸ. ರಾಯಲ್ಪಾಡಿನವಳು, ಗಂಡನನ್ನು ಇದೇ ಕಾಯಿಲೆಯಲ್ಲಿ ಕಳೆದುಕೊಂಡು, ತಾನೇ ಮಾತ್ರೆ ತಿನ್ನುತ್ತಾ, ಊರೂರು ಸುತ್ತುತ್ತಿದ್ದವಳು. ತೆಲುಗನ್ನೂ ಕನ್ನಡವನ್ನೂ ಒಂದೇ ಉಸಿರಲ್ಲಿ ಆಡುವವಳು. ಆ ಭಾನುವಾರ ನಾನೂ ಅವಳ ಜೊತೆ ಹೊರಟೆ. "ಅಕ್ಕಾ, ಅಲ್ಲಿ ಹೋಗಿ ನಮ್ ರೋಗದ ಹೆಸ್ರು ಎತ್ತಬೇಡ. ಟೀಬಿಯೋರು ಅಂತ ಹೇಳಣ" ಎಂದು ಬಸ್ಸಿನಲ್ಲೇ ಪಾಠ ಮಾಡಿದಳು.

ಗೂಡಿನ ಬಳಿ ಗಾಳಿಯೇ ಬೇರೆ. ಕೆಂಪು ಧೂಳು, ಹೊಗೆ, ಸಾಲುಸಾಲಾಗಿ ಒಣಗಲು ಇಟ್ಟ ಹಸಿ ಇಟ್ಟಿಗೆ. ಮೇಸ್ತ್ರಿ ಹಗ್ಗದ ಮಂಚದ ಮೇಲೆ ಕೂತಿದ್ದ. ಹುಸೇನಪ್ಪ ಎಂದರೆ ಅವನಿಗೆ ತಿಳಿಯಲಿಲ್ಲ. ಟೀಬಿ ಔಷಧಿ ಕೊಡುವವರು ಎಂದು ಹೇಳಿಕೊಂಡೆವು.

"ಟೀಬಿ ಅಂದ್ರಾ? ಹಂಗಾದ್ರೆ ರಾಯಚೂರು ಜೋಡಿ. ಗಂಡು ಕೆಮ್ತಾನೆ, ಹೆಣ್ಣು ಗೇಯ್ತಾಳೆ. ಹೆಂಗೋ ಜೋಡಿ ಸರಿಹೋಗ್ತದೆ" ಎಂದ.

"ಏಮಯ್ಯಾ ಮೇಸ್ತ್ರಿ, ನಿನ್ ಗೂಡಲ್ಲಿ ಮನುಷ್ಯರಿಗೆ ಹೆಸ್ರು ಇಲ್ವಾ?" ಎಂದಳು ರೆಡ್ಡೆಮ್ಮ.

"ಐತೆ ಕಣಮ್ಮಾ. ಕರ್ಯೋಕೆ ಪುರುಸೊತ್ತು ಬೇಕಲ್ಲ."

ಗೂಡಿನಲ್ಲಿ ಆಳು ಎಂದರೆ ಜೋಡಿ ಎಂದು ನನಗೆ ಗೊತ್ತಾದದ್ದು ಅಂದೇ. ಒಬ್ಬೊಬ್ಬರನ್ನು ಅಲ್ಲಿ ಯಾರೂ ಕರೆತರುವುದಿಲ್ಲ. ಗಂಡ ಮಣ್ಣು ತುಳಿಯುತ್ತಾನೆ, ಹೆಂಡತಿ ಅಚ್ಚಿಗೆ ಹಾಕುತ್ತಾಳೆ; ಅವಳು ಹೊರುತ್ತಾಳೆ, ಅವನು ಜೋಡಿಸುತ್ತಾನೆ. ಜೋಡಿಗೊಂದು ಗುಡಿಸಲು, ಜೋಡಿಗೊಂದು ಅಚ್ಚು, ಜೋಡಿಗೊಂದು ಡ್ರಮ್ಮು ನೀರು, ಚಳಿಗೆ ಜೋಡಿಗೊಂದು ಕಂಬಳಿ. ಕೂಲಿಯೂ ಜೋಡಿಗೇ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಇಬ್ಬರ ಕೆಲಸ ಮಾಡಿ ಸರಿದೂಗಿಸಬೇಕು. ಒಬ್ಬರು ಬಿದ್ದೇ ಹೋದರೆ ಉಳಿದವರಿಗೆ ಅಲ್ಲಿ ಜಾಗವಿಲ್ಲ.

ಹುಸೇನಪ್ಪ ಕೆಸರಿನ ಗುಂಡಿಯಲ್ಲಿ ಮೊಣಕಾಲುದ್ದ ನಿಂತು, ಕೋಲೂರಿಕೊಂಡು ಮಣ್ಣು ತುಳಿಯುತ್ತಿದ್ದ. ಒಂದು ಕಾಲು ಎತ್ತಿ ಇಡುವುದಕ್ಕೆ ಹಿಡಿಯುತ್ತಿದ್ದ ಹೊತ್ತು ನೋಡಿ ನಾನು ಮುಖ ತಿರುಗಿಸಿದೆ. ನಮ್ಮನ್ನು ಕಂಡು ನಾಚಿಕೊಂಡ. ಗೂಡು ತುಂಬುತ್ತಿದ್ದಾರೆ, ಬೆಂಕಿ ಇಡುವವರೆಗೆ ಯಾರನ್ನೂ ಬಿಡುವುದಿಲ್ಲ, ಅದಕ್ಕೇ ಬರಲಾಗಲಿಲ್ಲ ಎಂದ. ನಾನು ಹೊಸ ಬಾಟಲಿಯನ್ನು ಚೀಲದಲ್ಲಿ ತಂದಿದ್ದೆ. ಗುಡಿಸಲಿಗೆ ಹೋಗಿ ಕೂತೆವು. ತಲೆ ಎತ್ತಿದರೆ ತಗಡು ತಗಲುವಷ್ಟು ತಗ್ಗು. ದುರುಗಮ್ಮ ಕೈಯ ಮಣ್ಣು ತೊಳೆದುಕೊಂಡು ಬಂದು ಚಹಾ ಕಾಯಿಸಿದಳು.

ಸಂಜೆಯಾಯಿತು. ಮದ್ರಾಸಿನ ಕಡೆಗೆ ಹೋಗುವ ರೈಲು ಕೂಗಿತು. ಗುಡಿಸಲಿನ ತಗಡು ಸಣ್ಣಗೆ ನಡುಗಿತು. ದುರುಗಮ್ಮ ಎದ್ದು, ಮೂಲೆಯ ಡಬ್ಬಿಯಿಂದ ಹಳೆಯ ಬಾಟಲಿ ತೆಗೆದು, ಉಳಿದಿದ್ದ ಮಾತ್ರೆಗಳಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಹುಸೇನಪ್ಪ ಚಹಾ ಕುಡಿಯುತ್ತಾ ನೋಡುತ್ತಿದ್ದ. ಇದು ದಿನವೂ ನಡೆಯುವಂತೆ ನಡೆಯಿತು.

"ದುರುಗಮ್ಮಾ, ಅದು ಅವನದಲ್ವೇನಮ್ಮಾ?" ಎಂದೆ.

"ಅವ ಮುಂಜಾನಿದು ತಿಂತಾನ್ರಿ. ಸಂಜಿದು ನಂದು."

ರೆಡ್ಡೆಮ್ಮ ಚಹಾ ಲೋಟವನ್ನು ಕೆಳಗಿಟ್ಟಳು. "ಅಯ್ಯೋ ರಾಮ" ಎಂದಳು ಮೆಲ್ಲಗೆ.

"ನಿನಗೆ ಈಗ ಬೇಡ ಅಂತ ಹೇಳಿದ್ದೆನಲ್ಲ?"

ಉತ್ತರ ಕೊಟ್ಟವನು ಹುಸೇನಪ್ಪ. "ನೆನಪದರಿ ಅಕ್ಕಾರ. ಬ್ಯಾಡ ಅಂದಿದ್ರಿ. ಆದ್ರ ನಾ ಒಬ್ಬಾವ ತಿಂದು ನೆಟ್ಟಗಾಗಿ, ಆಕಿ ಬಿದ್ರ, ಜೋಡಿ ಉಳೀತದೇನ್ರಿ? ಇಬ್ಬರಿಗೂ ಅದೇ ಬ್ಯಾನಿ ಅಂದ್ರಿ. ದಿನಕ್ಕ ಎರಡು ಅಂದ್ರಿ. ನಾವು ಇಬ್ಬರದೀವಿ."

"ಕಂಬಳಿ ಹ್ಯಾಂಗ, ಇದೂ ಹಂಗ" ಎಂದಳು ದುರುಗಮ್ಮ. ಅವಳ ದನಿಯಲ್ಲಿ ತಪ್ಪು ಮಾಡಿದ ಅಳುಕೇ ಇರಲಿಲ್ಲ. "ಕೂಲಿ ಬ್ಯಾರೆ ಬ್ಯಾರೆ ಇಲ್ಲ, ಗಂಜಿ ಬ್ಯಾರೆ ಬ್ಯಾರೆ ಇಲ್ಲ. ಗುಳಿಗಿ ಹ್ಯಾಂಗ ಬ್ಯಾರೆ ಆಗ್ತದ್ರಿ?"

ಒಂದು ಹೊತ್ತೂ ತಪ್ಪಿಸಿರಲಿಲ್ಲ. ಒಂದು ಮಾತ್ರೆಯೂ ಚೆಲ್ಲಿರಲಿಲ್ಲ. ನಾವು ಹೇಳಿದ್ದನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದವರು ನಮ್ಮ ಆಸ್ಪತ್ರೆಯಲ್ಲಿ ಬಹಳ ಜನ ಇರಲಿಲ್ಲ. ಇಬ್ಬರೂ ತಿಂಗಳುಗಟ್ಟಲೆ ಅರ್ಧರ್ಧ ತಿಂದಿದ್ದರು. ಅವನ ಮೈಯಲ್ಲಿ ಆ ಔಷಧಿಗೆ ಇನ್ನೂ ಬಲ ಉಳಿದಿದೆಯೋ ಇಲ್ಲವೋ. ಅವಳಿಗೆ ಮುಂದೆ ಬೇಕಾದಾಗ ನಾಟುತ್ತದೋ ಇಲ್ಲವೋ. ಆಗ ನಮ್ಮಲ್ಲಿ ಇದ್ದದ್ದು ಒಂದೇ ಬಗೆಯ ಮಾತ್ರೆ. ಅದು ಕೈಕೊಟ್ಟರೆ ಎರಡನೆಯದನ್ನು ಬೆಂಗಳೂರಿನಲ್ಲಿ ಕೈಯಿಂದ ದುಡ್ಡು ಹಾಕಿ ಕೊಂಡುಕೊಳ್ಳಬೇಕಿತ್ತು.

ರೆಡ್ಡೆಮ್ಮ ತನ್ನ ಸೊಂಟದ ಚೀಲದಿಂದ ತನ್ನ ಬಾಟಲಿಯನ್ನೇ ತೆಗೆದು ನೆಲದ ಮೇಲಿಟ್ಟಳು. "ಚೂಡಮ್ಮಾ, ನಾನೂ ಇದೇ ತಿಂತೀನಿ. ಎರಡೂ ನಾನೇ. ಒಂದು ಹಾಕಿದ್ರೆ ಒಳಗಿನ ಹುಳ ನಿದ್ದೆ ಹೋಗ್ತದೆ, ಸಾಯಲ್ಲ. ಎದ್ದ ಮೇಲೆ ಮಾತ್ರೆಗೆ ಹೆದರಲ್ಲ."

ಹುಸೇನಪ್ಪ ಮೊಣಕಾಲಿಗೆ ಅಂಟಿದ್ದ ಮಣ್ಣನ್ನು ಕೆರೆದು ತೆಗೆದ. "ಅರ್ಧ ಬೆಂದ ಇಟ್ಟಿಗಿ ಅನ್ರಿ. ನೋಡಾಕ ಇಟ್ಟಿಗಿ. ಮಳಿ ಬಂದ್ರ ಮಣ್ಣು."

"ಹೂಂ, ಅದೇ" ಎಂದೆ. "ಬಾಟಲಿ ಜೋಡಿಗಲ್ಲ ಹುಸೇನಪ್ಪ. ಒಬ್ಬರಿಗೇ. ಎರಡೂ ಹೊತ್ತಿನದನ್ನು ಒಬ್ಬರೇ ತಿನ್ನಬೇಕು. ಹಂಚಿದರೆ ಇಬ್ಬರಿಗೂ ಇಲ್ಲ. ನೀನು ಹೇಳು ನೋಡೋಣ."

"ಒಬ್ಬರೇ ತಿನ್ನಬೇಕು" ಎಂದು ಅವನು ಹೇಳಿದ. "ಹಂಚಿದ್ರ ಇಬ್ಬರಿಗೂ ಇಲ್ಲ."

ಸರಿಯಾಗಿ ಹೇಳಿದ್ದ. ಹೊಸ ಬಾಟಲಿಯನ್ನು ಅವನ ಕೈಗೆ ಕೊಟ್ಟೆ.

ಮರುದಿನ ಡಾಕ್ಟರಿಗೆ ಹೇಳಿದಾಗ ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ಪೂರ್ತಿ ತಿನ್ನಲಿ. ನೋಡೋಣ. ಹೆಂಡತಿಯ ರಕ್ತ ಇನ್ನೊಂದು ಸಲ ತೆಗೀರಿ" ಎಂದರು. ಅದಾದ ಮೇಲೆ ಬುಧವಾರಗಳಿಗೆ ಕಾಯುವುದು ಶುರುವಾಯಿತು. ಒಂದು ಬುಧವಾರ ಗೂಡಿಗೆ ಬೆಂಕಿ ಇಟ್ಟಿದ್ದರು, ಬರಲಿಲ್ಲ. ಇನ್ನೊಂದು ಬುಧವಾರ ಇಬ್ಬರೂ ಬಂದರು, ಬೆಂಗಳೂರಿನ ಗಾಡಿ ಬರಲಿಲ್ಲ. ನಾನು ಹೊರಗೆ ಹೋಗಿ ರಸ್ತೆ ನೋಡುವುದು, ಒಳಗೆ ಬರುವುದು, ಮತ್ತೆ ಹೋಗುವುದು. ದುರುಗಮ್ಮ ಬೆಂಚಿನ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಮಡಿಸುತ್ತಿದ್ದಳು. ಜೋಡಿಯ ಒಂದು ದಿನ ಹೋಗಿತ್ತು.

ಅದೇ ತಿಂಗಳು ರಾಯರು ಒಂದು ದಿನ ಬಾಗಿಲಲ್ಲಿ ನಿಂತು, "ಮೇಡಂ, ಮುಂದಿನ ಸಲ ಮನೇಲಿ ತಂದೆಯವರ ತಿಥಿ ಇದೆ. ದಿನ ಒಂಚೂರು ಆಚೀಚೆ ಮಾಡ್ಕೊಡ್ತೀರಾ?" ಎಂದು ಕೇಳಿದರು. ಮಾಡಿಕೊಟ್ಟೆವು. ಅದಕ್ಕೇನೂ ಕಷ್ಟವಿರಲಿಲ್ಲ. ಅವರು ಹೋದ ಮೇಲೆ ನನಗೆ ಹೊಳೆಯಿತು: ಗೂಡುಗಳಿಂದ ಬಂದವರು ಒಬ್ಬರೂ ಯಾವತ್ತೂ ಹಾಗೆ ಕೇಳಿರಲಿಲ್ಲ. ಕೇಳಿದ್ದರೆ ಅವರಿಗೂ ಮಾಡಿಕೊಡುತ್ತಿದ್ದೆವು. ಮೇಸ್ತ್ರಿ ಹೇಳಿದ ದಿನವನ್ನು ಬದಲಿಸಬಹುದೆಂದು ಗೊತ್ತಿಲ್ಲದವರಿಗೆ ಆಸ್ಪತ್ರೆ ಹೇಳಿದ ದಿನವನ್ನು ಬದಲಿಸಬಹುದೆಂದು ಹೇಗೆ ಗೊತ್ತಾಗಬೇಕು? ಅವರು ಸುಮ್ಮನೆ ಬಾರದೆ ಉಳಿಯುತ್ತಿದ್ದರು. ನಾವು ಅವರನ್ನು ಕಾಣೆಯಾದವರು ಎಂದು ಕರೆಯುತ್ತಿದ್ದೆವು.

ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನಕಾಯಿ ಬಲಿಯುತ್ತಿದ್ದ ಹೊತ್ತಿಗೆ ಹುಸೇನಪ್ಪನ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ಅಥವಾ ಹಾಗೆಂದು ನನಗೆ ಬೇಕಾಗಿತ್ತು. ಬಾಯಿಯ ಹುಣ್ಣು ಒಣಗಿದ್ದು ಮಾತ್ರ ನಿಜ. ಕೊನೆಗೂ ಒಂದು ಬುಧವಾರ ದುರುಗಮ್ಮನ ರಕ್ತ ಬೆಂಗಳೂರಿಗೆ ಹೋಯಿತು. ವರದಿ ಬರುವ ಮೊದಲೇ ಮಳೆ ಬಂತು.

ಗೂಡಿನ ಕಾಲ ಮಳೆಗೆ ಮುಗಿಯುತ್ತದೆ. ಆ ವರ್ಷ ಮಳೆ ಬೇಗ ಬಂದು, ಎರಡೇ ಸಂಜೆಯಲ್ಲಿ ಹಸಿ ಇಟ್ಟಿಗೆಯ ಸಾಲುಗಳನ್ನು ಕೆಸರು ಮಾಡಿತು. ರೆಡ್ಡೆಮ್ಮನಿಂದ ಸುದ್ದಿ ತಿಳಿದು ನಾನು ಮಾಲೂರಿಗೆ ಓಡಿದೆ. ಲಾರಿ ನಿಂತಿತ್ತು. ಪಾತ್ರೆ, ಕಂಬಳಿ, ಕೋಳಿಬುಟ್ಟಿಗಳ ನಡುವೆ ಜೋಡಿಗಳು ಹತ್ತುತ್ತಿದ್ದವು. "ಇನ್ನೊಂದು ವಾರ ಇರೋಕೆ ಬಿಡಪ್ಪ" ಎಂದು ಮೇಸ್ತ್ರಿಯನ್ನು ಕೇಳಿದೆ. "ಇದ್ರೆ ಏನ್ ತಿಂತಾರೆ ಮೇಡಂ, ಮಳೆನೀರಾ?" ಎಂದ. ಅವನ ಮಾತಿನಲ್ಲಿ ಕಟುಕತನವಿರಲಿಲ್ಲ.

ಒಂದು ತಿಂಗಳ ಬಾಟಲಿ ಕೊಟ್ಟೆ. ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಅವರ ಕಡೆಯ ಆಸ್ಪತ್ರೆಯಲ್ಲಿ ಮಾತ್ರೆ ಮುಂದುವರಿಸಬೇಕೆಂದು ಡಾಕ್ಟರು ಬರೆದ ಕಾಗದವನ್ನೂ ಕೊಟ್ಟೆ. ಊರಿನಿಂದ ಅದು ಎಷ್ಟು ದೂರ ಎಂದು ಕೇಳಿದೆ. "ಮುಂಜಾನಿ ಹೊಂಟ್ರ ಸಂಜಿಗ ಮುಟ್ತೀವ್ರಿ" ಎಂದ ಹುಸೇನಪ್ಪ. "ಹೋಗ್ತೀವಿ. ನೀವು ಚಿಂತಿ ಮಾಡಬ್ಯಾಡ್ರಿ. ದೀಪಾವಳಿ ಮುಗೀತಂದ್ರ ಮತ್ತ ಇಲ್ಲೇ ಬರ್ತೀವಿ." ಲಾರಿ ಕದಲಿದಾಗ ದುರುಗಮ್ಮ ಬಾಟಲಿಯಿದ್ದ ಗಂಟನ್ನು ಮಳೆ ತಾಗದಂತೆ ಸೆರಗಿನೊಳಗೆ ತೆಗೆದುಕೊಂಡಳು.

ಹತ್ತು ದಿನಕ್ಕೆ ಅವಳ ವರದಿ ಬಂತು. ಎಣಿಕೆ ಇನ್ನೂ ಗೆರೆಗಿಂತ ಮೇಲೇ ಇತ್ತು. ಅವಳಿಗೆ ಮಾತ್ರೆ ಬೇಕಾಗಿರಲಿಲ್ಲ.

ಮಳೆಗಾಲವೆಲ್ಲ ನನಗೆ ನೆಮ್ಮದಿಯಿರಲಿಲ್ಲ. ಅವರ ಊರಿನ ಕಿರಾಣಿ ಅಂಗಡಿಯ ಫೋನ್ ನಂಬರು ಇತ್ತು. ಮಾಡಿದಾಗಲೆಲ್ಲ ಬೇರೆ ಬೇರೆಯವರು ಎತ್ತುತ್ತಿದ್ದರು. "ಹೊಲಕ್ಕ ಹೋಗ್ಯಾರ", "ಬ್ಯಾರೆ ಊರಿಗ ಹೋಗ್ಯಾರ", ಒಮ್ಮೆ "ಯಾವ ಹುಸೇನಪ್ಪ?" ಹೆಚ್ಚು ಕೇಳುವಂತಿರಲಿಲ್ಲ, ಯಾಕೆ ಕೇಳುತ್ತೀರಿ ಎಂದರೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅವರ ಕಡೆಯ ಆಸ್ಪತ್ರೆಯಿಂದಲೂ ಹುಸೇನಪ್ಪ ಬಂದು ಸೇರಿದನೆಂದು ತಿಳಿಸಲಿಲ್ಲ. ರಾಯರು ಬಂದಾಗ, "ಆ ರೈಲಿನ ಗಡಿಯಾರದವನು ಕಾಣಿಸ್ತಿಲ್ವಲ್ಲ ಮೇಡಂ?" ಎಂದು ಕೇಳಿದರು. ಊರಿಗೆ ಹೋಗಿದ್ದಾನೆ ಎಂದೆ. ಅವರ ಎಣಿಕೆ ಗೆರೆ ದಾಟಿ ಮೇಲೆ ಬಂದಿತ್ತು. ರಾಯರು ಈಗಲೂ ಇದ್ದಾರೆ. ಮಗಳ ಮದುವೆ ಮಾಡಿದ್ದಾರೆ, ಮೊಮ್ಮಗನನ್ನು ಸ್ಕೂಲಿಗೆ ಬಿಡುತ್ತಾರೆ. ಮುಳಬಾಗಿಲಿಗೆ ಹೋದಾಗ ಒಮ್ಮೊಮ್ಮೆ ಎದುರಾಗುತ್ತಾರೆ. ಇಬ್ಬರೂ ಪರಿಚಯವಿಲ್ಲದವರಂತೆ ದಾಟಿ ಹೋಗುತ್ತೇವೆ. ಹಾಗೆ ದಾಟಿ ಹೋಗುವುದು ನನಗೆ ಸಂತೋಷ.

ದೀಪಾವಳಿ ಕಳೆಯಿತು. ಮಾಲೂರಿನಲ್ಲಿ ಲಾರಿಗಳು ಬಂದಿವೆ ಎಂದು ರೆಡ್ಡೆಮ್ಮ ಹೇಳಿದ ದಿನವೇ ಇಬ್ಬರೂ ಹೊರಟೆವು. ಮೇಸ್ತ್ರಿ ಈ ಸಲ ನಮ್ಮನ್ನು ಕಂಡು ಮಂಚದಿಂದ ಎದ್ದ.

"ರಾಯಚೂರು ಜೋಡಿ ಬಂದಿದೆಯೇನಪ್ಪಾ?"

"ಬಂದೈತೆ ಮೇಡಂ, ಬಂದೈತೆ. ಆ ಕಡೆ ಗುಂಡೀಲಿ."

ನಾನು ಓಡಿದೆನೆಂದೇ ಹೇಳಬೇಕು. ಒಣಗಲಿಟ್ಟ ಇಟ್ಟಿಗೆಯ ಸಾಲುಗಳ ನಡುವೆ ಸೀರೆ ಎತ್ತಿಕಟ್ಟಿ ಹೋದೆ. ದುರುಗಮ್ಮ ಕುಕ್ಕುರುಗಾಲಲ್ಲಿ ಕೂತು ಅಚ್ಚಿಗೆ ಮಣ್ಣು ಹಾಕುತ್ತಿದ್ದಳು. ಆಚೆ ಗುಂಡಿಯಲ್ಲಿ ಮಣ್ಣು ತುಳಿಯುತ್ತಿದ್ದದ್ದು ಒಬ್ಬ ಮುದುಕಿ.

"ಅತ್ತಿ" ಎಂದಳು ದುರುಗಮ್ಮ, ನಾನು ಕೇಳುವ ಮೊದಲೇ. "ಜೋಡಿ ಇಲ್ಲದ ಕರಕೊಂಡು ಬರಂಗಿಲ್ಲಲ್ರಿ."

ರೆಡ್ಡೆಮ್ಮ ನನ್ನ ಮುಖ ನೋಡಿದಳು. ಆಮೇಲೆ ಗುಂಡಿಯ ಕಡೆಗೆ ಹೋಗಿ, ಮುದುಕಿಯನ್ನು ಮಾತಿಗೆಳೆದು ನಿಂತಳು. ಮಗ ಕ್ಷಯದಿಂದ ಹೋದನೆಂದೇ ಮುದುಕಿ ನಂಬಿದ್ದಳು.

ದುರುಗಮ್ಮ ದನಿ ತಗ್ಗಿಸಿ ಹೇಳಿದಳು. ಕೈ ನಿಲ್ಲಿಸಲಿಲ್ಲ, ಮಣ್ಣು ತುಂಬುವುದು, ಅಂಗೈಯಿಂದ ಸವರುವುದು, ಅಚ್ಚು ಬೋರಲು ಹಾಕಿ ಎತ್ತುವುದು.

"ಊರಿಗ ಹೋದ ದಿನಾನೇ ಬಾಟ್ಲಿ ನನ್ನ ಕೈಯಾಗ ಇಟ್ಟ. ಒಬ್ಬರೇ ತಿನ್ನಬೇಕು ಅಂತ ಅಕ್ಕಾರು ಹೇಳ್ಯಾರ, ನೀ ತಿನ್ನು ಅಂದ. ನಾ ಒಲ್ಲೆ ಅಂದೆ. ನಿಂದು ಅದು ಅಂದೆ. ಬೈದ. ಆಮ್ಯಾಲ ನಕ್ಕ. ನಾ ಅರ್ಧ ಬೆಂದಾವ, ನೀ ಇನ್ನಾ ಹಸಿ ಅದಿ, ನಿನ್ನ ಪೂರ್ತಿ ಬೇಯಸ್ಬಹುದು ಅಂದ. ಎದುರಿಗಿ ಕುಂತು ನುಂಗಸ್ತಿದ್ದ ನೋಡ್ರಿ. ಎರಡೂ ಹೊತ್ತು."

"ಆ ಆಸ್ಪತ್ರೆಗೆ ಹೋಗಲಿಲ್ವಾ?"

"ಬಾಟ್ಲಿ ಮುಗಿದ ಮ್ಯಾಲ ಹೋಗಿದ್ವಿ. ನಿಮ್ಮ ಕಾಗದ ನೋಡಿದ್ರು. ರೇಶನ್ ಕಾರ್ಡ್ ಕೇಳಿದ್ರು, ಅದು ಮೈದುನನ ಕಡಿ ಇತ್ತು. ತಗೊಂಡು ಮುಂದಿನ ವಾರ ಬರ್ರಿ ಅಂದ್ರು. ಮುಂದಿನ ವಾರ ಅವನಿಗಿ ಏಳಾಕ ಆಗಲಿಲ್ಲ."

ಅಲ್ಲಿ ಅವರು ಕೇಳಿದ್ದು ನಾವು ಇಲ್ಲಿ ಕೇಳುತ್ತಿದ್ದದ್ದನ್ನೇ. ನಾನು ಗುಡಿಸಲಿನಲ್ಲಿ ಹೇಳಿದ್ದೂ ಸರಿಯಾದ ಮಾತೇ. ಇವತ್ತಿಗೂ ಎಲ್ಲ ಕಡೆ ಅದನ್ನೇ ಹೇಳುತ್ತಾರೆ. ಬಾಟಲಿ ಒಬ್ಬರಿಗೇ. ಹುಸೇನಪ್ಪ ಅದನ್ನು ಸರಿಯಾಗಿ ಕೇಳಿಸಿಕೊಂಡು, ಸರಿಯಾಗಿ ತಿರುಗಿ ಹೇಳಿ, ಆ ಒಬ್ಬರು ಯಾರೆಂದು ತಾನೇ ಆರಿಸಿದ್ದ.

ದುರುಗಮ್ಮ ಮೊದಲ ಸಲ ಕೈ ನಿಲ್ಲಿಸಿದಳು. "ಅಕ್ಕಾರ, ಒಂದ ಕೇಳ್ಲೇನ್ರಿ? ನಾ ತಿಂದದ್ದು ಬರೋಬರಿ ಆತೇನ್ರಿ?"

ಅವಳ ಎಣಿಕೆ ಗೆರೆಗಿಂತ ಮೇಲಿತ್ತೆಂದು ನನಗೆ ಗೊತ್ತಿತ್ತು. ಒಂದು ತಿಂಗಳು ತಿಂದು ನಿಲ್ಲಿಸುವುದು ಎಷ್ಟು ಕೆಟ್ಟದ್ದೆಂದೂ ಗೊತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬರೋಬರಿ ಆಯ್ತು ದುರುಗಮ್ಮ" ಎಂದೆ.

ತಲೆಯಾಡಿಸಿ ಮತ್ತೆ ಮಣ್ಣಿಗೆ ಕೈ ಹಾಕಿದಳು. ಅವಳ ಮಣಿಕಟ್ಟು ಹೋದ ವರ್ಷಕ್ಕಿಂತ ಸಣ್ಣಗಾಗಿತ್ತು. ಕುತ್ತಿಗೆಯ ಬಳಿ ಗಂಟು ಕಾಣುತ್ತಿತ್ತು. ಈಗಲೇ ರಕ್ತ ನೋಡಬೇಕು, ಗೆರೆಗಿಂತ ಇಳಿದಿದ್ದರೆ ಇವತ್ತಲ್ಲ ನಾಳೆಯೇ ಶುರುಮಾಡಬೇಕು.

"ಈ ಬುಧವಾರ ಕೋಲಾರಕ್ಕೆ ಬಾ. ತಪ್ಪಿಸಬೇಡ" ಎಂದೆ.

ಅವಳು ಗುಂಡಿಯಲ್ಲಿದ್ದ ಅತ್ತೆಯ ಕಡೆ ನೋಡಿದಳು, ಮೇಸ್ತ್ರಿಯ ಮಂಚದ ಕಡೆ ನೋಡಿದಳು. "ಬುಧವಾರ ಗೂಡು ತುಂಬೋದದ್ರಿ. ಮುದುಕಿ ಒಬ್ಬಾಕಿ ಆಗಂಗಿಲ್ಲ." ಅಚ್ಚನ್ನು ತಿರುಗಿಸುತ್ತಾ ಕೇಳಿದಳು: "ಬ್ಯಾರೆ ದಿನ ಆಗಂಗಿಲ್ಲೇನ್ರಿ?"

ಗಾಡಿ ಬುಧವಾರ ಮಾತ್ರ ಬರುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಆಗುತ್ತೆ" ಎಂದೆ. "ಯಾವ ದಿನ ಬರ್ತೀಯಾ ಹೇಳು."

ಶುಕ್ರವಾರ ಬೆಳಿಗ್ಗೆ ಅವಳು ಬಂದಳು. ರಕ್ತ ತೆಗೆದು ಹತ್ತು ನಿಮಿಷಕ್ಕೆ, ಸೀಸೆಯನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ರೆಡ್ಡೆಮ್ಮ ಬೆಂಗಳೂರಿನ ಬಸ್ಸು ಹತ್ತಿದಳು.